ಆನೆ ಲದ್ದಿಯ ಕಾಗದ: ಉಳಿಯುವುದು ಮರವೋ, ಆನೆಯೋ?

ಆನೆಯ ಲದ್ದಿಯಿಂದ ಕಾಗದ ತಯಾರಾಗುತ್ತದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಆ ಹಾಳೆಯನ್ನು ಮೂಸಿ ನೋಡುತ್ತಾರೆ. ವಾಸನೆ ಇರುವುದಿಲ್ಲ. ಶ್ರೀಲಂಕಾದ ಕೇಗಾಲ ಸಮೀಪ 1997ರಲ್ಲಿ ಆರಂಭವಾದ ಮ್ಯಾಕ್ಸಿಮಸ್ ಸಂಸ್ಥೆ ಈ ಕಾಗದವನ್ನು ಜಗತ್ತಿಗೆ ಪರಿಚಯಿಸಿತು. 2006ರಲ್ಲಿ ಬಿಬಿಸಿಯ ವರ್ಲ್ಡ್ ಚಾಲೆಂಜ್ ಪ್ರಶಸ್ತಿಯನ್ನೂ ಪಡೆಯಿತು. ಭಾರತದಲ್ಲಿ ಮಹಿಮಾ ಮೆಹ್ರಾ ಮತ್ತು ವಿಜೇಂದ್ರ ಶೇಖಾವತ್ ಜೈಪುರದಲ್ಲಿ 'ಹಾಥಿ ಛಾಪ್' ಹೆಸರಿನಲ್ಲಿ ಇಂಥದೇ ಪ್ರಯತ್ನ ನಡೆಸಿದರು. ಈ ಕಾಗದ ಮರವನ್ನೂ ಉಳಿಸುತ್ತದೆ, ಆನೆಯನ್ನೂ ಉಳಿಸುತ್ತದೆ ಎಂಬ ಮಾತು ಅಂದಿನಿಂದಲೂ ಕೇಳಿಬರುತ್ತಿದೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಲದ್ದಿಯಿಂದ ಹಾಳೆಗೆ

ವಯಸ್ಕ ಆನೆಯೊಂದು ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ತಿನ್ನುತ್ತದೆ. ಆದರೆ ಅದರ ಜೀರ್ಣಶಕ್ತಿ ದುರ್ಬಲ. ತಿಂದದ್ದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ. ಹುಲ್ಲು, ತೊಗಟೆ, ತೆಂಗು ಹಾಗೂ ಬೈನೆಯ ಗರಿಗಳ ನಾರು ಬಹುತೇಕ ಹಾಗೆಯೇ ಹೊರಬರುತ್ತದೆ. ಕಾಗದ ತಯಾರಕನಿಗೆ ಬೇಕಾದುದು ಈ ನಾರೇ. ಲದ್ದಿಯನ್ನು ತೊಳೆದು, ಗಂಟೆಗಟ್ಟಲೆ ಕುದಿಸಿ ರೋಗಾಣುಗಳನ್ನು ನಾಶಪಡಿಸಲಾಗುತ್ತದೆ. ಬಳಿಕ ರದ್ದಿ ಕಾಗದ ಅಥವಾ ಹತ್ತಿಬಟ್ಟೆಯ ಚೂರಿನೊಂದಿಗೆ ಅರೆದು, ಜರಡಿ ಚೌಕಟ್ಟಿನ ಮೇಲೆ ಹರಡಿ, ನೀರು ಹಿಂಡಿ ಒಣಗಿಸಲಾಗುತ್ತದೆ. ದೊಡ್ಡ ಯಂತ್ರವಿಲ್ಲದೆ ಹಳ್ಳಿಯ ಕೈಗಳಿಂದಲೇ ಕೆಲಸ ಸಾಗುತ್ತದೆ.

ಗಾಂಧೀಜಿ 1934ರಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಮತ್ತು ಅದರ ಸಾರಥಿ ಜೆ.ಸಿ. ಕುಮಾರಪ್ಪ ಕೈಕಾಗದಕ್ಕೆ ಮರುಜೀವ ನೀಡಲು ಶ್ರಮಿಸಿದ್ದರು. ಜೈಪುರದ ಸಾಂಗಾನೇರ್‌ನಲ್ಲಿರುವ ರಾಷ್ಟ್ರೀಯ ಕೈಕಾಗದ ಸಂಸ್ಥೆ ಇಂದಿಗೂ ಕುಮಾರಪ್ಪ ಅವರ ಹೆಸರನ್ನು ಹೊತ್ತಿದೆ. ಹೀಗಾಗಿ ಲದ್ದಿ ಕಾಗದದಲ್ಲಿ ಕಚ್ಚಾ ವಸ್ತು ಹೊಸದು, ಉದ್ಯೋಗ ಹಳೆಯದು.

ಮರ ಉಳಿಯುತ್ತದೆಯೇ?

'ಮರ ಕಡಿಯದ ಕಾಗದ' ಎಂಬ ಘೋಷಣೆ ಆಕರ್ಷಕವಾಗಿದೆ. ಆದರೆ ಭಾರತದ ಕಾಗದೋದ್ಯಮದ ಕಚ್ಚಾ ವಸ್ತುವಿನಲ್ಲಿ ಬಹುಪಾಲು ರದ್ದಿ ಕಾಗದ; ಉಳಿದದ್ದರಲ್ಲಿ ಕೃಷಿ ತ್ಯಾಜ್ಯ ಹಾಗೂ ರೈತರ ಹೊಲಗಳಲ್ಲಿ ಬೆಳೆದ ನೀಲಗಿರಿ, ಸುಬಾಬುಲ್ ಸೇರಿವೆ. ಇಂಥ ಬೃಹತ್ ಉದ್ಯಮದೆದುರು ಕೈಯಿಂದ ತಯಾರಾಗುವ ನೋಟ್‌ಬುಕ್ಕುಗಳು, ಶುಭಾಶಯ ಪತ್ರಗಳು ಉಳಿಸುವ ಮರಗಳ ಸಂಖ್ಯೆ ಗಣನೆಗೆ ಬಾರದಷ್ಟು ಅಲ್ಪ.

ಕಾಗದಕ್ಕೂ ಆನೆಗೂ ನಿಜವಾದ ಸಂಬಂಧ ಬೇರೆ ಕಡೆ ಇದೆ. ಅದನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. ಕಳೆದ ಶತಮಾನದ ಐವತ್ತರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ತಲೆಯೆತ್ತಿದಾಗ ಉತ್ತರ ಕನ್ನಡದ ಬಿದಿರನ್ನು ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂಥ ಜುಜುಬಿ ದರಕ್ಕೆ ಒದಗಿಸಿತ್ತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಮಾರುಕಟ್ಟೆಯ ದರ ತೆರಬೇಕಿತ್ತು. ಅಕ್ಷಯವೆಂದು ಭಾವಿಸಿದ್ದ ಬಿದಿರು ಮೆಳೆಗಳು ಕೆಲವೇ ದಶಕಗಳಲ್ಲಿ ಬರಿದಾದ ಬಗೆಯನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ವಿವರವಾಗಿ ದಾಖಲಿಸಿದ್ದಾರೆ. ಬಿದಿರು ಆನೆಯ ಪ್ರಿಯ ಆಹಾರ. ಕಾಡಿನೊಳಗಿನ ಮೇವು ಕಡಿಮೆಯಾದಷ್ಟೂ ಕಾಡಂಚಿನ ಭತ್ತ, ಬಾಳೆ, ಕಬ್ಬಿನ ಸೆಳೆತ ಹೆಚ್ಚುತ್ತದೆ. ಅಗ್ಗದ ಕಾಗದದ ನಿಜವಾದ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಆನೆ ಉಳಿಯುತ್ತದೆಯೇ?

ಶ್ರೀಲಂಕಾದ ಸ್ಥಿತಿ ಇನ್ನಷ್ಟು ಗಂಭೀರ. 2011ರ ಗಣತಿಯಂತೆ ಅಲ್ಲಿದ್ದ ಆನೆಗಳು 5,879. 2023ರ ಒಂದೇ ವರ್ಷದಲ್ಲಿ 400ಕ್ಕೂ ಹೆಚ್ಚು ಆನೆಗಳು ಸತ್ತವು. ಆನೆಗಳ ದಾಳಿಗೆ 150ಕ್ಕೂ ಹೆಚ್ಚು ಜನ ಬಲಿಯಾದರು. ಗುಂಡೇಟು, ಅಕ್ರಮ ವಿದ್ಯುತ್ ತಂತಿ, ಆಹಾರದೊಳಗೆ ಅಡಗಿಸಿಟ್ಟ ಸಿಡಿಮದ್ದು ಅಲ್ಲಿನ ಆನೆಗಳ ಸಾವಿಗೆ ಪ್ರಮುಖ ಕಾರಣಗಳು. ಆನೆತಜ್ಞ ಪೃಥ್ವಿರಾಜ್ ಫರ್ನಾಂಡೊ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ದ್ವೀಪದ ಸುಮಾರು ಶೇ 60ರಷ್ಟು ಭೂಭಾಗದಲ್ಲಿ ಆನೆಗಳಿವೆ. ಆ ಪ್ರದೇಶದ ಸುಮಾರು ಶೇ 70ರಷ್ಟು ಭಾಗದಲ್ಲಿ ಜನರೂ ವಾಸಿಸುತ್ತಾರೆ. ಕಾಡಿನ ಗಡಿಗೆ ಬೇಲಿ ಹಾಕುವುದಕ್ಕಿಂತ ಊರಿಗೆ ಹಾಗೂ ಬೆಳೆಯ ಕಾಲದಲ್ಲಿ ಗದ್ದೆಗೆ ಬೇಲಿ ಹಾಕುವುದೇ ಸೂಕ್ತ ಎಂಬುದು ಅವರ ವಾದ.

ಲದ್ದಿ ಕಾಗದದ ತರ್ಕ ಸರಳ: ಆನೆಯಿಂದ ಆದಾಯ ಬಂದರೆ ರೈತ ಅದನ್ನು ಶತ್ರುವಾಗಿ ಕಾಣುವುದಿಲ್ಲ. ಆದರೆ ಲದ್ದಿ ಸಂಗ್ರಹವಾಗುವುದು ಹೆಚ್ಚಾಗಿ ಸಾಕಾನೆಗಳ ತಾಣಗಳಿಂದ. ಬೆಳೆ ಕಳೆದುಕೊಳ್ಳುವವನು ಕಾಡಾನೆಯ ದಾರಿಯಲ್ಲಿರುವ ರೈತ. ಕೂಲಿ ಒಬ್ಬನಿಗೆ, ನಷ್ಟ ಮತ್ತೊಬ್ಬನಿಗೆ. ಈ ಇಬ್ಬರೂ ಒಬ್ಬನೇ ಆಗದ ಹೊರತು ತರ್ಕ ಪೂರ್ಣವಾಗದು. ಹಾಗೆಂದು ಕಾಡಿನಿಂದ ಲದ್ದಿ ಹೊತ್ತು ತರುವುದೂ ಸರಿಯಲ್ಲ. ಅಲ್ಲಿ ಲದ್ದಿ ತ್ಯಾಜ್ಯವಲ್ಲ. ಅದು ಬೀಜಗಳನ್ನು ದೂರಕ್ಕೆ ಸಾಗಿಸುತ್ತದೆ, ಸಗಣಿಹುಳುಗಳನ್ನು ಪೋಷಿಸುತ್ತದೆ, ಮಣ್ಣಿಗೆ ಸಾರವಾಗುತ್ತದೆ.

ಮಾರುಕಟ್ಟೆಯದು ಇನ್ನೊಂದು ತೊಡಕು. ಈ ಕಾಗದದ ಮುಖ್ಯ ಗ್ರಾಹಕರು ಪ್ರವಾಸಿಗರು ಮತ್ತು ವಿದೇಶಿ ಉಡುಗೊರೆ ಅಂಗಡಿಗಳು. 2019ರ ಈಸ್ಟರ್ ಬಾಂಬ್ ದಾಳಿ, 2020ರ ಕೋವಿಡ್, 2022ರ ಆರ್ಥಿಕ ಕುಸಿತ ಒಂದರ ಹಿಂದೊಂದು ಬಂದೆರಗಿ ಶ್ರೀಲಂಕಾದ ಪ್ರವಾಸೋದ್ಯಮ ಮಕಾಡೆ ಮಲಗಿತು. ಪ್ರವಾಸಿಗರು ಬಾರದಿದ್ದರೂ ಗದ್ದೆಗೆ ಬರುವ ಆನೆ ನಿಲ್ಲುವುದಿಲ್ಲ. ಸಂರಕ್ಷಣೆಯ ಹೊಣೆಯನ್ನು ಉಡುಗೊರೆಯ ಅಂಗಡಿಗೆ ವಹಿಸುವುದರ ಅಪಾಯ ಇದು.

ಕರ್ನಾಟಕದ ಮುಂದಿರುವ ದಾರಿ

2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಅಂದಾಜಿನಂತೆ ದೇಶದಲ್ಲಿ 22,446 ಆನೆಗಳಿದ್ದು, 6,013 ಆನೆಗಳೊಂದಿಗೆ ಕರ್ನಾಟಕವೇ ಮೊದಲ ಸ್ಥಾನದಲ್ಲಿದೆ. ದುಬಾರೆ, ಮತ್ತಿಗೋಡು, ಸಕ್ರೆಬೈಲುಗಳಲ್ಲಿ ಆನೆ ಶಿಬಿರಗಳಿವೆ. ಲದ್ದಿಗೆ ಇಲ್ಲಿ ಬರವಿಲ್ಲ. ಆದರೆ ಹಾಸನ, ಕೊಡಗುಗಳ ಕಾಫಿ ತೋಟದ ಕಾರ್ಮಿಕನ ಜೀವಭಯವನ್ನು ಇಂಥ ಒಂದು ಘಟಕ ನೀಗಿಸುವುದಿಲ್ಲ.

ಇಲ್ಲಿ ಮಲೆ ಮಹದೇಶ್ವರ ಬೆಟ್ಟದ ಅನುಭವ ಹೆಚ್ಚು ಉಪಯುಕ್ತ. ಬಿದಿರು ದುರ್ಲಭವಾದಾಗ ಅಲ್ಲಿನ ಸೋಲಿಗರಿಗೆ ಲಂಟಾನದಿಂದ ಪೀಠೋಪಕರಣ ತಯಾರಿಸುವ ತರಬೇತಿಯನ್ನು ಬೆಂಗಳೂರಿನ ಏಟ್ರೀ ಸಂಸ್ಥೆ 2004ರ ಸುಮಾರಿಗೆ ಆರಂಭಿಸಿತು. ಇದೇ ಕಳೆಯಿಂದ ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ರೂಪಿಸಿದ ಆಳೆತ್ತರದ ಆನೆಗಳನ್ನು 2024ರಲ್ಲಿ ಲಾಲ್‌ಬಾಗ್‌ನಲ್ಲಿ ಬೆಂಗಳೂರಿಗರು ಕಂಡರು. ಎರಡು ಶತಮಾನಗಳ ಹಿಂದೆ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ಬಂಡೀಪುರದಂಥ ಕಾಡುಗಳ ನೆಲವನ್ನು ಆವರಿಸಿ ಹುಲ್ಲಿಗೆ ಜಾಗವಿಲ್ಲದಂತೆ ಮಾಡಿದೆ. ಅದನ್ನು ಕಡಿದು ಮಾರಿದರೆ ಬುಡಕಟ್ಟಿನವನಿಗೆ ಕೂಲಿ ಸಿಗುತ್ತದೆ; ಬೇರುಸಹಿತ ತೆಗೆದು ಹುಲ್ಲು ಬೆಳೆಸಿದರೆ ಆನೆಗೆ ಮೇವೂ ಸಿಗುತ್ತದೆ. ಕಳೆಯ ವಿಸ್ತಾರಕ್ಕೆ ಹೋಲಿಸಿದರೆ ಈ ಪ್ರಯತ್ನವೂ ಪುಟ್ಟದೇ. ಆದರೂ ಇಲ್ಲಿ ಕಚ್ಚಾ ವಸ್ತುವೇ ಕಾಡಿನ ವ್ಯಾಧಿ ಎಂಬ ವ್ಯತ್ಯಾಸ ಮುಖ್ಯ.

ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಕೊಂಡ ಯಾವುದೇ ವಸ್ತುವನ್ನು ಕೊಳ್ಳುವ ಮುನ್ನ ನಗರದ ಗ್ರಾಹಕ ಮೂರು ಪ್ರಶ್ನೆ ಕೇಳಬಹುದು. ಕಚ್ಚಾ ವಸ್ತು ಎಲ್ಲಿಂದ ಬಂತು? ಹಣ ಯಾರ ಕೈ ಸೇರಿತು? ಆ ಕೈ ನಷ್ಟ ಅನುಭವಿಸುವವನದೇ? ಲದ್ದಿ ಕಾಗದ ಮೊದಲ ಪ್ರಶ್ನೆಯಲ್ಲಿ ತೇರ್ಗಡೆಯಾಗುತ್ತದೆ, ಎರಡನೆಯದರಲ್ಲಿ ಹಲವೆಡೆ ಪರವಾಗಿಲ್ಲ, ಮೂರನೆಯದರಲ್ಲಿ ಎಡವುತ್ತದೆ. ಹಳ್ಳಿಯ ನಾಲ್ಕು ಮಂದಿಗೆ ಕೆಲಸ ಕೊಡುವ ಕಸುಬಾಗಿ ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ ಆನೆಯನ್ನು ಉಳಿಸುವುದು ಅದರ ದಾರಿ, ಅದರ ಮೇವು ಮತ್ತು ಬೆಳೆ ಕಳೆದುಕೊಂಡವನಿಗೆ ತಡವಿಲ್ಲದೆ ತಲುಪುವ ಪರಿಹಾರ. ಆ ಕೆಲಸ ಸರ್ಕಾರದ್ದು. ಅಂಗಡಿಯ ಹಾಳೆಯ ಮೇಲೆ ಅದನ್ನು ಹೊರಿಸಲಾಗದು.