ಹತ್ತು ದಿನದ ಸೇವೆ

ಹೌಜ್ ಖಾಸ್ ಮತ್ತು ಸುತ್ತಣ ಬಡಾವಣೆಗಳ ಕನ್ನಡ ಕುಟುಂಬಗಳಲ್ಲಿ ಈಚೆಗೆ ಒಂದು ವಾದ ಕಾವೇರಿದೆ. ಮಂಗಳೂರು ಕಡೆಯ ಕ್ರೈಸ್ತ ಬಂಧುಗಳೊಬ್ಬರ ಮಗ ತನ್ನ ಚರ್ಚಿನ ತರುಣರೊಡನೆ ನೆರೆಯಲ್ಲಿ ನೊಂದ ಬಡ ಊರೊಂದಕ್ಕೆ ಹತ್ತು ದಿನದ ಸೇವೆಗೆ ಹೊರಟಿದ್ದಾನೆ. ಕಂಬಳಿ, ಪಾತ್ರೆ, ಔಷಧಿಗೆಂದು ಸಂಘದ ನೆರವು ಕೇಳಿದ್ದಾನೆ. “ಕೊಡಬೇಡಿ, ಇದು ಮತಾಂತರದ ಹುನ್ನಾರ” ಎಂದು ಕೆಲವರು. “ಸೇವೆಗೆ ಮತವೆಲ್ಲಿಯದು, ಕೊಟ್ಟು ಕೈತೊಳೆದುಕೊಳ್ಳಿ” ಎಂದು ಇನ್ನು ಕೆಲವರು. ನಾವು ಇಬ್ಬರನ್ನೂ ಒಪ್ಪೆವು. ಮೊದಲಿನವರನ್ನಂತೂ ಸ್ವಲ್ಪ ಹೆಚ್ಚಾಗಿಯೇ ಒಪ್ಪೆವು.

ಕೇಳಬೇಕಾದ ಪ್ರಶ್ನೆ ಯಾವ ದೇವರ ಹೆಸರಿನಲ್ಲಿ ಹೋಗುತ್ತಾರೆಂಬುದಲ್ಲ. ಎಷ್ಟು ದಿನ ಇರುತ್ತಾರೆ, ಅಲ್ಲಿಯವರ ಮಾತು ಬಲ್ಲರೆ ಎಂಬುದು.

ಹತ್ತು ದಿನದ ಸೇವೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಹೈಟಿ ದೇಶದ ರಾಜಧಾನಿ ಪೋರ್ಟ್ ಓ ಪ್ರಿನ್ಸನ್ನು ನೋಡಿ. 2010ರ ಜನವರಿ 12ರಂದು ಅಲ್ಲಿ ಭೂಕಂಪವಾಯಿತು. ಮೊದಲೇ ಬಡತನದಲ್ಲಿ ಬೆಂದ ನಗರ. ಲಕ್ಷಗಟ್ಟಲೆ ಜನ ಬೀದಿಗೆ ಬಿದ್ದರು. ತಿಂಗಳು ತುಂಬುವ ಮೊದಲೇ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು ಸರಿಯಾದ ಕಾಗದಪತ್ರವಿಲ್ಲದೆ 33 ಮಕ್ಕಳನ್ನು ಬಸ್ಸಿನಲ್ಲಿ ಗಡಿ ದಾಟಿಸಲು ಹೋಗಿ ಸೆರೆಯಾದರು. ಅನಾಥರೆಂದು ಹೇಳಿದ ಆ ಮಕ್ಕಳಲ್ಲಿ ಅನೇಕರ ತಾಯಿತಂದೆಯರು ಬದುಕಿದ್ದರು. ಆ ಹತ್ತು ಮಂದಿ ಕೆಟ್ಟವರೆಂದು ನಾವು ಹೇಳುವುದಿಲ್ಲ. ಅವಸರದಲ್ಲಿದ್ದರು, ಅಲ್ಲಿಯ ಭಾಷೆ ಅರಿಯರು, ಊರು ಅರಿಯರು, ಆದರೂ ಪುಣ್ಯ ಬೇಗ ಆಗಬೇಕಿತ್ತು. ಅನರ್ಥಕ್ಕೆ ಇಷ್ಟು ಸಾಲದೆ?

ಇನ್ನು ನಮ್ಮ ನಾಡಿನ ಮಾತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು ಮತಪ್ರಚಾರಕ್ಕೇ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಬಂದವರು ಉಳಿದರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದರು. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂತು. ನಡುವಿನ ಆ 41 ವರ್ಷಗಳನ್ನು ಎಣಿಸಿ ನೋಡಿ. ಗದಗ-ಬೆಟಗೇರಿಯಲ್ಲಿ ‘ಜರ್ಮನ್ ಆಸ್ಪತ್ರೆ’ ಎಂದರೆ ಮಕ್ಕಳಿಗೂ ಗೊತ್ತು. ಮತಾಂತರವೆಂದು ಇಂದು ಹೌಹಾರುವ ಮಹನೀಯರ ಮನೆಯ ಕಪಾಟಿನಲ್ಲೂ ಕಿಟ್ಟೆಲ್ ಕೋಶ ಇರುತ್ತದೆ, ಧೂಳು ಹಿಡಿದಿದ್ದರೂ!

“ಬರಗಾಲದಲ್ಲಿ ಗಂಜಿ ತೋರಿಸಿ ಜಾತಿ ಕೆಡಿಸಿದರು” ಎಂಬ ಆರೋಪವಿದೆ. ಇದರಲ್ಲಿ ನಿಜವೂ ಇದೆ. 1876-78ರ ಬರದಲ್ಲಿ ಮಿಶನ್ನುಗಳು ಅನಾಥ ಮಕ್ಕಳನ್ನು ಸೇರಿಸಿಕೊಂಡವು. ಆ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಅವರನ್ನು ಕೇಳಿ ಮಾಡಿದ್ದಲ್ಲ. ಆದರೆ ಆ ಬರ ಎಂಥದೆಂದು ಆರೋಪ ಹೊರಿಸುವವರಿಗೆ ಗೊತ್ತಿದೆಯೆ? 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನರಿದ್ದರು. 1881ರಲ್ಲಿ ಉಳಿದವರು 42 ಲಕ್ಷಕ್ಕೂ ಕಡಮೆ. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕಾಲ ಅದು. ದಾರಿಯ ಬದಿಯಲ್ಲಿ ಬಿದ್ದ ಕೂಸನ್ನು ಎತ್ತಿಕೊಂಡವನ ಮತ ಕೇಳುವ ಮೊದಲು, ಎತ್ತಿಕೊಳ್ಳದೆ ದಾಟಿಹೋದವರ ಮತವನ್ನೂ ಕೇಳಬೇಕಾಗುತ್ತದೆ.

ಅದೇ ಬರದಲ್ಲಿ ತೆಲುಗು ಸೀಮೆಯ ಒಂಗೋಲಿನಲ್ಲಿದ್ದ ಜಾನ್ ಕ್ಲೌ ಎಂಬ ಅಮೆರಿಕನ್ ಪಾದ್ರಿ ಬಕಿಂಗ್‌ಹ್ಯಾಂ ಕಾಲುವೆಯ ಮೂರು ಮೈಲಿಗೂ ಹೆಚ್ಚಿನ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದ. ಬರ ಇರುವ ತನಕ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನದ ಆಸೆಗೆ ಬಂದರೆಂಬ ಮಾತು ಬರಬಾರದೆಂದು. ಪರಿಹಾರ ನಿಂತ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಜನ ದೀಕ್ಷೆ ಪಡೆದರು. ಬಂದವರಲ್ಲಿ ಬಹುಪಾಲು ಮಾದಿಗರು. ಕೊಡುವ ಧಾನ್ಯ ಮುಗಿದ ಮೇಲೂ ಅವರು ಏಕೆ ಬಂದರು? ಹುನ್ನಾರ ಎನ್ನುವವರು ಉತ್ತರಿಸಬೇಕಾದ ಪ್ರಶ್ನೆ ಇದು. ತಮ್ಮೂರಿನ ಬಾವಿಯ ಕಟ್ಟೆ ಅವರಿಗೆ ಎಷ್ಟು ದೂರವಿತ್ತೆಂದು ಲೆಕ್ಕ ಹಾಕಿದರೆ ಉತ್ತರ ಸಿಕ್ಕೀತು.

ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯಿದೆ ಆಮಿಷವೆಂಬುದಕ್ಕೆ ಉದ್ದದ ಅರ್ಥ ಬರೆಯಿತು. ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ ಎಲ್ಲವೂ ಅದರೊಳಗೆ ಬಂದವು. ಬಲವಂತವನ್ನು ತಡೆಯಬೇಕು, ಸರಿ. ಆದರೆ ಬಡವನಿಗೆ ಶಾಲೆಯೇ ಆಮಿಷವಾಗುವಷ್ಟು ದೂರ ಅದನ್ನು ಇಟ್ಟವರು ಯಾರು?

ಹುಡುಗನಿಗೆ ಕಂಬಳಿ ಕೊಡಬೇಕೆಂದೇ ನಮ್ಮ ಮತ. ಆದರೆ ಎರಡು ಷರತ್ತು: ಅಲ್ಲಿಯ ಭಾಷೆ ಬಲ್ಲವನೊಬ್ಬ ತಂಡದಲ್ಲಿರಬೇಕು, ಆರು ತಿಂಗಳ ಮೇಲೆ ಯಾರಾದರೂ ಮತ್ತೆ ಆ ಊರಿಗೆ ಹೋಗಿ ನೋಡಿಬರಬೇಕು. ಒಪ್ಪದಿದ್ದರೆ ಕಂಬಳಿಯನ್ನು ಬೇರೆ ದಾರಿಯಲ್ಲಿ ಕಳಿಸೋಣ.

ಇನ್ನು “ನಮ್ಮವರಿಗೆ ನಾವೇ ಮಾಡೋಣ, ಅವರೇಕೆ?” ಎಂದು ಸಭೆಯಲ್ಲಿ ಏರುದನಿಯಲ್ಲಿ ಹೇಳಿದ ಹಿರಿಯರಿಗೆ ಒಂದು ಮಾತು. ನೆರೆಯ ಊರು ದೂರವೆನ್ನುವಿರಾದರೆ ಬೇಡ. ಹೌಜ್ ಖಾಸಿನಿಂದ ಮೆಟ್ರೋದಲ್ಲಿ ಗ್ರೀನ್ ಪಾರ್ಕ್ ದಾಟಿದರೆ ಏಮ್ಸ್, ಎರಡನೆಯ ಸ್ಟೇಷನ್ನು. ಅದರ ಹೊರಗಿನ ಫುಟ್‌ಪಾತಿನಲ್ಲಿ ದೇಶದ ಎಲ್ಲೆಡೆಯಿಂದ ಬಂದ ರೋಗಿಗಳ ಮನೆಯವರು ಚಾದರ ಹೊದ್ದು ಮಲಗಿರುತ್ತಾರೆ. ಅವರ ನಡುವೆ ಕನ್ನಡ ಕೇಳಿಸಿದ್ದುಂಟು. ಹಿಂದಿ ಬಾರದ ಅಜ್ಜಿಗೆ ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು, ವೈದ್ಯರು ಹೇಳಿದ್ದೇನು ಎಂದು ತಿಳಿಸಲು ಒಬ್ಬ ಮನುಷ್ಯ ಬೇಕು. ಇದಕ್ಕೆ ಲಾರಿ ಬೇಡ, ಬ್ಯಾನರು ಬೇಡ, ಹಣವೂ ಹೆಚ್ಚು ಬೇಡ. ಬೆಳಗಿನ ನಾಲ್ಕು ಗಂಟೆ ಸಮಯ ಬೇಕು, ವಾರ ವಾರವೂ.

ನಿವೃತ್ತರಾದವರು, ರಜೆ ಉಳಿದವರು, ಕಾಲೇಜಿನ ಮಕ್ಕಳು ಹೆಸರು ಕೊಡಲೆಂದು ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಡಿಸಿದ್ದೇವೆ. ಕಂಬಳಿ ಕೇಳಿದ ಆ ಹುಡುಗ ಬುಧವಾರಕ್ಕೆ ಬರೆದುಕೊಟ್ಟಿದ್ದಾನೆ. ಉಳಿದ ದಿನಗಳು ಸದ್ಯ ಖಾಲಿ ಇವೆ.