ಬರಿ ಕೊಂಬೆಯಲ್ಲಿ ಹೂವು

"ಇದು ಹೂ ಬಿಡೋಕೆ ಏಳೆಂಟು ವರ್ಷ ಬೇಕಾಗಬಹುದು" ಅಂತ ಪಕ್ಕದ ಮನೆಯ ಅಜ್ಜಿ ಗೇಣುದ್ದದ ಸಸಿ ಕೊಟ್ಟಾಗ ನಗು ಬಂತು. ನಾವು ಇಂಗ್ಲೆಂಡಿಗೆ ಬಂದು ಆಗಿನ್ನೂ ನಾಲ್ಕು ತಿಂಗಳು. ವೀಸಾ ಇದ್ದದ್ದೇ ಮೂರು ವರ್ಷಕ್ಕೆ! ಬೇಡ ಅನ್ನೋಕಾಗದೆ ಹಿತ್ತಲಲ್ಲಿ, ಚೆನ್ನಾಗಿ ಬಿಸಿಲು ಬೀಳುವ ಗೋಡೆಯ ಪಕ್ಕ ನೆಟ್ಟೆ.

ಗಿಡದ ಹೆಸರು ವಿಂಟರ್‌ಸ್ವೀಟ್. ಮೂಲ ಚೀನಾ. ಬೇಸಿಗೆಯಲ್ಲಿ ನೋಡಿದರೆ ಬೇಲಿಗಿಡದಷ್ಟೇ ಸಾಧಾರಣ. ಚಳಿಗೆ ಮುಂಚೆ ಎಲೆಯೆಲ್ಲ ಉದುರುತ್ತೆ. ಆಮೇಲೆ, ಹಿತ್ತಲಲ್ಲಿ ಬೇರೇನೂ ಅರಳದ ಡಿಸೆಂಬರ್–ಫೆಬ್ರವರಿಯಲ್ಲಿ, ಬರಿ ಕೊಂಬೆಗೆ ಮೇಣದಂಥ ಹಳದಿ ಹೂವು.

ನಮ್ಮ ವೀಸಾ ಮುಂದುವರಿಯಿತು. ಮಗಳು ಹುಟ್ಟಿದಳು. ಪ್ರತಿ ಭಾನುವಾರ ಫೋನಲ್ಲಿ ಅಮ್ಮ, "ಯಾವಾಗ ಬರ್ತೀರೇ ವಾಪಸ್?" ಅನ್ನೋಳು. "ಮುಂದಿನ ವರ್ಷ ಅಮ್ಮಾ" ಅನ್ನೋದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಏಳನೇ ವರ್ಷ ಒಂದು ತಪ್ಪು ಮಾಡಿದೆ. ಗಿಡ ಅಡ್ಡಾದಿಡ್ಡಿ ಬೆಳೆದಿದೆ ಅಂತ ಅಕ್ಟೋಬರಲ್ಲಿ ಚೆನ್ನಾಗಿ ಕತ್ತರಿಸಿಬಿಟ್ಟೆ. ಅಜ್ಜಿ ತಲೆ ಮೇಲೆ ಕೈಹೊತ್ತರು. ಬೇಸಿಗೆಯಲ್ಲಿ ಬಲಿತ ಕೊಂಬೆಯಲ್ಲೇ ಇದರ ಮೊಗ್ಗು ಬರೋದಂತೆ. ಕತ್ತರಿಸೋದಿದ್ದರೆ ಹೂವು ಮುಗಿದ ಮೇಲೆ, ಅದೂ ಸ್ವಲ್ಪವೇ. ಆ ಚಳಿಗಾಲ ಒಂದು ಹೂವೂ ಇಲ್ಲ.

ಕೊನೆಗೆ ಈ ಜನವರಿಯಲ್ಲಿ, ಕಸ ಹಾಕೋಕೆ ಹೊರಗೆ ಹೋದಾಗ ಘಮ್ ಅಂತು. ಹನ್ನೊಂದೇ ಹೂವು! ಒಂದು ಚಿಕ್ಕ ಟೊಂಗೆ ಲೋಟದಲ್ಲಿಟ್ಟರೆ ಕೋಣೆಯೆಲ್ಲ ಪರಿಮಳ.

ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ವಾಸನೆ ಇಲ್ಲೀತನಕ ಬರಲ್ವಲ್ಲೇ" ಅಂತ ನಕ್ಕಳು. ಆಮೇಲೆ, "ನೆಟ್ಟು ಎಷ್ಟು ವರ್ಷ ಆಯ್ತು?"

"ಒಂಬತ್ತು."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂಬತ್ತು ಸಲ "ಮುಂದಿನ ವರ್ಷ" ಅಂದಿದ್ದೆ.

"ಬೇರು ಬಿಟ್ಟ ಗಿಡ ಕಿತ್ಕೊಂಡು ಬಾ ಅಂತ ನಾನ್ಯಾಕೆ ಹೇಳಲಿ? ಬರ್ತೀನಿ ಅಂತ ಸುಳ್ಳು ಹೇಳ್ಬೇಡ, ಅಷ್ಟೇ. ರಜೆಗೆ ಮಗೂನ ಕರ್ಕೊಂಡು ಬಾ" ಅಂದಳು.

ಏಪ್ರಿಲ್‌ಗೆ ಟಿಕೆಟ್ ಬುಕ್ ಮಾಡಿದ್ದೀನಿ.

ಚಳಿ ದೇಶದಲ್ಲಿರೋರು ನೆಡೋದಾದ್ರೆ ನೀರು ನಿಲ್ಲದ ಮಣ್ಣು, ಬಿಸಿಲಿನ ಗೋಡೆ ನೋಡ್ಕೊಳ್ಳಿ. ಬೀಜದಿಂದ ಬೆಳೆಸಿದ್ದಕ್ಕಿಂತ ಕಸಿ ಗಿಡ ಬೇಗ ಹೂ ಬಿಡುತ್ತೆ. ಬೀಜ ವಿಷ, ಮಕ್ಕಳ ಬಾಯಿಗೆ ಹೋಗದಂತೆ ಎಚ್ಚರ. ಬೆಂಗಳೂರಲ್ಲಿದ್ದೀರಾ? ಪಾರಿಜಾತ ನೆಡಿ. ಇಷ್ಟು ವರ್ಷ ಕಾಯಿಸಲ್ಲ.