ಲಂಟಾನದ ಆನೆ ಪಾಲಾರ್ ದಾಟಿ ಬರಲಿ

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 60 ಆನೆಗಳು ಸಾಲಾಗಿ ನಿಂತವು. ಎಲ್ಲವೂ ಲಂಟಾನ ಎಂಬ ಕಳೆಗಿಡದ ಕಡ್ಡಿಯಲ್ಲಿ ಮಾಡಿದವು. ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಬುಡಕಟ್ಟು ಜನರ ಕೈಕೆಲಸಕ್ಕೆ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಬೆಂಬಲವಿತ್ತು. ಅದೇ ವರ್ಷ ನೀಲಗಿರಿಯ ಕುಶಲಕರ್ಮಿಗಳು ಕಟ್ಟಿದ 100 ಆನೆಗಳ ಹಿಂಡು ಅಮೆರಿಕದ ನ್ಯೂಪೋರ್ಟ್‌ನಿಂದ ಹೊರಟು ನ್ಯೂಯಾರ್ಕ್‌ನ ಬೀದಿಗೂ ಬಂತು. ಲಂಡನ್ನಿನ ಉದ್ಯಾನಗಳು ಇಂಥ ಆನೆಗಳನ್ನು 2021ರಲ್ಲೇ ಕಂಡಿದ್ದವು. ಕಾಡಿನಿಂದ ಹುಟ್ಟಿದ ಕಲೆ ಇಷ್ಟು ದೂರ ನಡೆದದ್ದು ಹೆಮ್ಮೆಯ ಸಂಗತಿ. ಆದರೆ ನಿಜವಾದ ಆನೆಯೊಡನೆ ರಾತ್ರಿ ಕಳೆಯುವವರು ನ್ಯೂಯಾರ್ಕಿನಲ್ಲಿಲ್ಲ, ಲಾಲ್‌ಬಾಗ್ ಸುತ್ತಲೂ ಇಲ್ಲ. ಅವರು ತಮಿಳುನಾಡು, ಕರ್ನಾಟಕ ಗಡಿಯ ಪೆನ್ನಾಗರ, ಪಾಲಕ್ಕೋಡು, ಕೊಳತ್ತೂರು, ಹನೂರುಗಳ ಹೊಲಗಳಲ್ಲಿದ್ದಾರೆ. ಕಾಡನ್ನು ಉಳಿಸಬೇಕೆಂದು ಹೊರಟ ಕಲೆ ಮೊದಲು ಈ ಊರುಗಳಿಗೆ ಬರಬೇಕು, ಬರುವಾಗ ಇಲ್ಲಿಯವರಿಗೆ ಕೆಲಸವನ್ನೂ ತರಬೇಕು ಎಂಬುದು ನನ್ನ ವಾದ.

ಕಾಡುಪ್ರಾಣಿಯ ರೂಪ ನಮ್ಮ ಸೀಮೆಗೆ ಹೊಸದಲ್ಲ. ಎಡಪ್ಪಾಡಿ, ಸೇಲಂ ಕಡೆಯ ಕನ್ನಡ ಮಾತಾಡುವ ದೇವಾಂಗ ನೇಕಾರರಿಗೆ ಸೀರೆಯಂಚಿನ ಆನೆ, ನವಿಲು ಚೆನ್ನಾಗಿ ಗೊತ್ತು. ಮೆಟ್ಟೂರಿನಿಂದ ಕೊಳತ್ತೂರು, ಪಾಲಾರ್ ಹಾದು ಮಲೆ ಮಹದೇಶ್ವರ ಬೆಟ್ಟ ಹತ್ತುವ ಭಕ್ತರಿಗೆ ಮಾದಪ್ಪ, ಅಂದರೆ ಮಹದೇಶ್ವರ, ಹುಲಿಯ ಬೆನ್ನೇರಿದ ದೇವರು. ಆ ಹುಲಿ ಪಟಗಳಲ್ಲಿದೆ, ಉತ್ಸವದ ವಾಹನದಲ್ಲಿದೆ. ಅಷ್ಟಿದ್ದೂ 2025ರ ಜೂನ್‌ನಲ್ಲಿ ಅದೇ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ಯಾರೋ ವಿಷ ಹಾಕಿದ್ದರು. 2023ರ ಮಾರ್ಚ್ 7ರಂದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಹೊಲವೊಂದರ ಅಕ್ರಮ ವಿದ್ಯುತ್ ಬೇಲಿ ತಗುಲಿ ಮೂರು ಆನೆಗಳು ಸತ್ತವು. ಎರಡು ಮರಿಗಳು ತಬ್ಬಲಿಯಾದವು. ಕೆಲವೇ ದಿನಗಳಲ್ಲಿ, ಮುದುಮಲೆಯ ಮಾವುತ ದಂಪತಿ ಮತ್ತು ಆನೆಮರಿಯ ಬಗೆಗಿನ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಒಂದೇ ರಾಜ್ಯ, ಒಂದೇ ತಿಂಗಳು. ಪ್ರಾಣಿಯ ಮೇಲೆ ಭಕ್ತಿ ಹುಟ್ಟಿಸಿದರೆ, ಕಣ್ಣು ತೇವವಾಗಿಸಿದರೆ ಸಾಕೆಂದುಕೊಂಡವರು ಈ ಎರಡು ದುರ್ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹಸು ಕಳೆದುಕೊಂಡವನ ಮನೆಯ ಗೋಡೆಯಲ್ಲೂ ಹುಲಿಯೇರಿದ ಮಾದಪ್ಪನ ಪಟ ಇರಬಹುದು. ಆ ಪಟ ಅವನ ನಷ್ಟವನ್ನು ತುಂಬಿಕೊಡುವುದಿಲ್ಲ.

ಹಾಗಾದರೆ ಲಂಟಾನದ ಆನೆ ಬೇರೆ ಹೇಗೆ? ಅದರ ಮೈಯೇ ಕಾಡಿನ ರೋಗದಿಂದ ಬಂದದ್ದು. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಗೆ ತಂದ ಗಿಡ ಇಂದು ದಕ್ಷಿಣದ ಕಾಡುಗಳ ನೆಲವನ್ನೇ ಮುಚ್ಚಿದೆ. ತಮಿಳಿನವರು ಅದನ್ನು ಉಣ್ಣಿಚೆಡಿ ಎನ್ನುತ್ತಾರೆ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಗುರುತಿಸಿದ ತಾಕುಗಳ ಪೈಕಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನವಿತ್ತು, 2008ಕ್ಕೆ 81ರಲ್ಲಿ. ಅದರಡಿ ಹುಲ್ಲು ಏಳುವುದಿಲ್ಲ. ಮೇವು ಕಡಿಮೆಯಾದ ಕಾಡಿನಿಂದ ಆನೆ ರಾಗಿ ಹೊಲದತ್ತ ತಿರುಗಿದರೆ ಆಶ್ಚರ್ಯವಿಲ್ಲ. ಇಂಥ ಗಿಡವನ್ನು ಕಡಿದು, ಹಸಿ ಕಡ್ಡಿಯನ್ನು ನೀರಲ್ಲಿ ಕುದಿಸಿ, ಸಿಪ್ಪೆ ಸುಲಿದು, ಮೆತ್ತಗಿರುವಾಗಲೇ ಬಾಗಿಸಿ ಕಬ್ಬಿಣದ ಚೌಕಟ್ಟಿಗೆ ಒಂದೊಂದಾಗಿ ಜೋಡಿಸುತ್ತಾರೆ. ಹೊಟ್ಟೆಯ ಮೇಲೆ ಉದ್ದನೆಯ ಕಡ್ಡಿ, ಸೊಂಡಿಲು ತಿರುಗುವಲ್ಲಿ ಸಣ್ಣವು. ನೀಲಗಿರಿಯವರಂತೂ ಅಲ್ಲಿ ಓಡಾಡುವ ನಿಜವಾದ ಆನೆಗಳನ್ನೇ ಮಾದರಿಯಾಗಿಟ್ಟುಕೊಂಡಿದ್ದಾರೆ. ಆನೆಯ ನಡೆ, ನಿಲುವು, ಕಿವಿಯ ಹರಕನ್ನು ದಿನವೂ ಕಂಡವರ ಕೈ ಅದು. ಬಿದಿರು ಸಿಗುವುದು ದುಸ್ತರವಾದ ಕಾಲದಲ್ಲಿ ಬುಟ್ಟಿ ಹೆಣೆಯುವ ವಿದ್ಯೆಗೆ ಹೊಸ ದಾರಿಯೂ ಸಿಕ್ಕಿದೆ. ಇಲ್ಲಿ ಕಾಡಿನ ಪಕ್ಕದವರು ಬರೀ ನೋಡುಗರಲ್ಲ, ಆನೆಯಿಂದ ಕೂಲಿ ಕಂಡವರು.

ಇದಕ್ಕೆ ತೂಕದ ಆಕ್ಷೇಪಗಳಿವೆ. ಲಕ್ಷಾಂತರ ಹೆಕ್ಟೇರ್‌ನಲ್ಲಿ ಹಬ್ಬಿದ ಲಂಟಾನವನ್ನು ಸಾವಿರ ಆನೆ ಮಾಡಿದರೂ ಮುಗಿಸಲಾಗದು ಎನ್ನುತ್ತಾರೆ. ನಿಜ, ಒಪ್ಪಲೇಬೇಕು. ಬೇರು ಸಮೇತ ಕಿತ್ತು, ಮತ್ತೆ ಚಿಗುರದಂತೆ ವರ್ಷಗಟ್ಟಲೆ ಕಾದು, ಹುಲ್ಲು ಬೆಳೆಸುವುದು ಅರಣ್ಯ ಇಲಾಖೆಯ ಕೆಲಸ. ಕಲೆಯನ್ನು ಅದಕ್ಕೆ ಬದಲಿಯೆಂದು ತೋರಿಸುವುದು ಜನರಿಗೆ ಮಾಡುವ ಮೋಸ. ಲಂಟಾನದಿಂದ ಬದುಕುವವರು ಲಂಟಾನ ಉಳಿಯಲಿ ಎಂದೇ ಬಯಸುವುದಿಲ್ಲವೇ ಎಂದೂ ಕೇಳುತ್ತಾರೆ. ಕಣ್ಣಳತೆಗೂ ಮೀರಿ ಗಿಡ ಇರುವಾಗ ಆ ಭಯ ದೂರದ್ದು. ಇದಕ್ಕಿಂತ ಗಂಭೀರವಾದದ್ದು ಈ ಬೆಟ್ಟಗಳ ಸೋಲಿಗ ಬುಡಕಟ್ಟಿನವರ ಮಾತು: ತರಗುಬೆಂಕಿ, ಅಂದರೆ ಒಣಗಿದ ತರಗೆಲೆಗೆ ಬೆಂಕಿ, ಹಾಕುವುದನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಹೆಚ್ಚಿತು ಎಂದು ಅವರು ಹೇಳುತ್ತ ಬಂದಿದ್ದಾರೆ. ಅವರ ಕೈಯ ಆನೆಯನ್ನು ಮೆಚ್ಚಿ, ಅವರ ತಲೆಯ ತಿಳಿವಳಿಕೆಯನ್ನು ಬದಿಗಿಡುವುದು ನ್ಯಾಯವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಕಲೆಯ ಜೊತೆಗೆ ಆ ಹಕ್ಕಿನ ಮಾತೂ ಪ್ರದರ್ಶನದ ಅಂಗಳಕ್ಕೆ ಬರಬೇಕು.

ಇನ್ನು, ಬೆಳೆ ಕಳೆದುಕೊಂಡ ರೈತನ ಊರಿಗೆ ಆನೆಯ ಗೊಂಬೆ ತಂದರೆ ಗಾಯಕ್ಕೆ ಉಪ್ಪು ಹಚ್ಚಿದಂತಲ್ಲವೇ ಎಂಬ ಪ್ರಶ್ನೆ. ಬರಿಗೈಯಲ್ಲಿ ತಂದರೆ ಖಂಡಿತ ಹೌದು. ತಮಿಳುನಾಡು ಸರಕಾರ 2022ರಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ 686 ಚದರ ಕಿ.ಮೀ. ಕಾಡನ್ನು ಕಾವೇರಿ ದಕ್ಷಿಣ ವನ್ಯಜೀವಿ ಧಾಮವೆಂದು ಘೋಷಿಸಿತು. ಆಚೆ ಕರ್ನಾಟಕದಲ್ಲಿ ಮಲೆ ಮಹದೇಶ್ವರ ಧಾಮ 906 ಚದರ ಕಿ.ಮೀ. ಇದೆ. ಆನೆಗೆ ಇದೆಲ್ಲ ಒಂದೇ ಕಾಡು. ಪರಿಹಾರಕ್ಕೆ ಓಡಾಡುವ ರೈತನಿಗೆ ಮಾತ್ರ ಎರಡು ರಾಜ್ಯ, ಎರಡು ಕಚೇರಿ, ಎರಡು ಭಾಷೆ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಎರಡೂ ಕಡೆಯ ಜನ ಇದೇ ದಾರಿಯಲ್ಲಿ ಬೆಟ್ಟಕ್ಕೆ ಹೋಗುತ್ತಾರೆ. ಆಗ ಕೊಳತ್ತೂರಿನಲ್ಲೋ ಪಾಲಾರ್‌ನಲ್ಲೋ ಲಂಟಾನದ ಆನೆಗಳು ನಿಲ್ಲಲಿ. ಅವುಗಳ ಪಕ್ಕದಲ್ಲೇ ಮೇಜು ಹಾಕಿ ಎರಡೂ ಅರಣ್ಯ ಇಲಾಖೆಯವರು ಬೆಳೆನಷ್ಟದ, ಜಾನುವಾರು ನಷ್ಟದ ಅರ್ಜಿಗಳನ್ನು ಕನ್ನಡ, ತಮಿಳು ಎರಡರಲ್ಲೂ ಬರೆಸಿಕೊಳ್ಳಲಿ. ಕಡ್ಡಿ ಬಾಗಿಸುವ ಕೆಲಸವನ್ನು ಗಡಿಯ ಈಚಿನ ಹಳ್ಳಿಯವರಿಗೂ ಕಲಿಸಲಿ. ಆನೆ ಮಾರಿದ ಹಣದಲ್ಲಿ ಒಂದು ಪಾಲು, ಆನೆ ನುಗ್ಗಿದ ಊರಿನ ಕಾವಲಿಗೇ ಸೇರಲಿ.